ಎಂಟು ಕೊಡ ನೀರು

ನೀರಿನ ವಿಚಾರದಲ್ಲಿ ನಮ್ಮ ಸೀಮೆಯ ಹೆಂಗಸರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವಳಿಗೆ ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಯಾವುದರಲ್ಲಿ ಸೋಪು ನೊರೆ ಬರುವುದಿಲ್ಲ, ಯಾವುದನ್ನು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ ಎಂಬುದು ನಾಲಿಗೆಯ ತುದಿಯಲ್ಲೇ ಇರುತ್ತದೆ. ನಮ್ಮ ಕೊಡಿಗೇನಹಳ್ಳಿಯ ಕಡೆ ಜಯಮಂಗಲಿ ನದಿ ಹರಿಯುವ ಕಾಲದಲ್ಲಿ ತಲಪರಿಗೆಗಳಿದ್ದವು. ಮರಳು ನೆಲದಲ್ಲಿ ಗುಂಡಿ ತೋಡಿದರೆ ಊಟೆ ನೀರು ತಾನಾಗಿ ಉಕ್ಕುತ್ತಿತ್ತು, ಕಾಲುವೆಯಾಗಿ ಹರಿದು ಗದ್ದೆಗೂ ಹೋಗುತ್ತಿತ್ತು. ಊರವರು ವರ್ಷಕ್ಕೊಮ್ಮೆ ಸೇರಿ ಅದರ ಹೂಳು ತೆಗೆಯುತ್ತಿದ್ದರು. ಆಮೇಲೆ ಮರಳು ಹೋಯಿತು, ಊಟೆ ಬತ್ತಿತು, ಬೋರ್‌ವೆಲ್ ಬಂತು. ಬೋರ್‌ವೆಲ್ ಆಳಕ್ಕೆ ಇಳಿದಂತೆಲ್ಲ ಕಲ್ಲಿನೊಳಗಿದ್ದ ಫ್ಲೋರೈಡು ಮೇಲಕ್ಕೆ ಬಂತು. ನನ್ನ ತರಗತಿಯಲ್ಲಿ ನಕ್ಕ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳಲ್ಲಿ ನಮ್ಮ ನೀರಿನ ಚರಿತ್ರೆಯನ್ನು ಎಷ್ಟೋ ವರ್ಷ ಓದಿದ್ದೇನೆ.

ನಾನು ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ಪಠ್ಯಪುಸ್ತಕದಲ್ಲಿ ರಾಜರ ಚರಿತ್ರೆಯಿದೆ, ಯುದ್ಧಗಳ ಚರಿತ್ರೆಯಿದೆ. ಅಡುಗೆಮನೆಯ ಪಾತ್ರೆಗೂ ಕೊಡದ ನೀರಿಗೂ ಅಲ್ಲಿ ಜಾಗವಿಲ್ಲ. ಆದರೆ ಪಾತ್ರೆ, ನೀರು ಮತ್ತು ಔಷಧಿ ಮೂರೂ ಸೇರಿ ನೂರಾರು ಜನರ ಪ್ರಾಣ ತೆಗೆದ ಒಂದು ಚರಿತ್ರೆ ಇದೆ. ಅದನ್ನು ಕಂಡುಹಿಡಿದ ರೀತಿಯೂ ಪತ್ತೇದಾರಿ ಕಥೆಯಂತಿದೆ. ಇವತ್ತು ಕಿಡ್ನಿ ಕೆಟ್ಟವರಿಲ್ಲದ ಬೀದಿಯೇ ಇಲ್ಲವೇನೋ ಎನ್ನಿಸುವಾಗ, ಅದನ್ನು ನಾವು ಹೆಂಗಸರು ತಿಳಿದುಕೊಂಡಿರುವುದು ಒಳ್ಳೆಯದು.

ಕಥೆಯ ಮುಖ್ಯ ಪಾತ್ರ ಅಲ್ಯೂಮಿನಿಯಂ. ನಮ್ಮ ಕಡೆ ಅದಕ್ಕೆ ‘ಸಿಲ್ವಾರ’ ಎಂದೇ ಹೆಸರು. ಬೆಳ್ಳಿಗೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಹೊಳಪು ನೋಡಿ ಯಾರೋ ಇಟ್ಟ ಹೆಸರು ಉಳಿದುಕೊಂಡಿದೆ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಈ ಲೋಹವನ್ನು ಬೇರ್ಪಡಿಸುವುದು ಬಹಳ ಕಷ್ಟವಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದು ಬಡವರ ಕಣ್ಣಿಗೂ ಬೀಳದಷ್ಟು ದುಬಾರಿಯಾಗಿತ್ತು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ತನ್ನ ದೊಡ್ಡ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚ ಇಡಿಸಿ, ಉಳಿದವರಿಗೆ ಚಿನ್ನದ್ದು ಇಡಿಸುತ್ತಿದ್ದನೆಂಬ ಮಾತಿದೆ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ಯುವಕರು ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ದಾರಿ ಕಂಡುಕೊಂಡರು. ಚಕ್ರವರ್ತಿಯ ಚಮಚ ಕೂಲಿಯವನ ಗಂಜಿ ಪಾತ್ರೆಯಾಯಿತು. ನಮ್ಮ ದೇಶದಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ಕೆಲಸ 1898ರ ಸುಮಾರಿಗೆ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರ ಮೇಲ್ವಿಚಾರಣೆಯಲ್ಲಿ ಶುರುವಾಯಿತು. ಇದೇ ಚಾಟರ್ಟನ್ ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದರು.

ಅಲ್ಯೂಮಿನಿಯಂ ಇನ್ನೊಂದು ವೇಷದಲ್ಲಿ ಅದಕ್ಕೂ ಮೊದಲೇ ನಮ್ಮ ಮನೆಗಳಲ್ಲಿತ್ತು. ಅದೇ ಪಟಿಕ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ, ದೃಷ್ಟಿಯಾಗದಿರಲೆಂದು ಬಾಗಿಲಿಗೆ ಕಟ್ಟುವ ಆ ಬಿಳಿ ಕಲ್ಲು ಅಲ್ಯೂಮಿನಿಯಮ್ಮಿನ ಒಂದು ಲವಣ. ಮಳೆಗಾಲದ ಕೆಂಪು ನೀರಿನಲ್ಲಿ ಅದನ್ನು ನಾಲ್ಕು ಸುತ್ತು ತಿರುಗಿಸಿದರೆ ಮಣ್ಣು ಮುದ್ದೆಯಾಗಿ ತಳಕ್ಕಿಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಇದೇ ಉಪಾಯವನ್ನು ಲೋಕದ ದೊಡ್ಡ ಊರುಗಳ ನೀರಿನ ಸ್ಥಾವರಗಳೆಲ್ಲ ಬಳಸಿಕೊಂಡವು. ಹೊಳೆ, ಕೆರೆಗಳ ನೀರನ್ನು ನಲ್ಲಿಗೆ ಬಿಡುವ ಮುನ್ನ ಅಲ್ಯೂಮಿನಿಯಂ ಲವಣ ಹಾಕಿ ತಿಳಿ ಮಾಡುವುದು ಇಂದಿಗೂ ಸಾಮಾನ್ಯ ಪದ್ಧತಿ. ಅದರಿಂದ ವಾಂತಿಭೇದಿ, ವಿಷಮಶೀತ ಜ್ವರಗಳು ತಗ್ಗಿದವು. ಎಷ್ಟೋ ಮಕ್ಕಳು ಬದುಕಿ ಉಳಿದವು. ಆ ಉಪಕಾರವನ್ನು ಮೊದಲು ನೆನೆದೇ ಮುಂದಿನ ಮಾತು ಹೇಳಬೇಕು.

ಈ ವಿಚಾರ ನನ್ನ ತಲೆಯೊಳಗೆ ಹೊಕ್ಕಿದ್ದು ನಮ್ಮ ಅತ್ತಿಗೆಯ ಒಂದು ಪ್ರಶ್ನೆಯಿಂದ. ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಸೋತು ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಅತ್ತಿಗೆ ಹೆಚ್ಚು ಓದಿದವರಲ್ಲ. ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಕೇಳಿದರು: “ಅಲ್ಲ ಕಣಮ್ಮ, ರಕ್ತ ತೊಳೀತಾರೆ ಅಂತಾರಲ್ಲ, ಯಾವ ನೀರಲ್ಲಿ ತೊಳೀತಾರೆ? ಈ ಊರಿನ ಬೋರ್ ನೀರಲ್ಲೇನಾ? ನಮ್ಮನೇಲಿ ಆ ನೀರಲ್ಲಿ ಬೇಳೇನೇ ಬೇಯಲ್ಲ.”

ನಾನು ನಗಲಿಲ್ಲ. ವೈದ್ಯಲೋಕಕ್ಕೆ ಈ ಪ್ರಶ್ನೆ ಹೊಳೆಯುವುದಕ್ಕೆ ಎಷ್ಟೋ ವರ್ಷ ಬೇಕಾಗಿತ್ತು ಎಂಬುದು ಆಮೇಲೆ ಓದಿದಾಗ ತಿಳಿಯಿತು.

ಕೃತಕ ಮೂತ್ರಪಿಂಡ ಹುಟ್ಟಿದ್ದು ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ, 1943ರಲ್ಲಿ, ಆ ದೇಶ ಜರ್ಮನರ ವಶದಲ್ಲಿದ್ದಾಗ. ವಿಲೆಮ್ ಕೋಲ್ಫ್ ಎಂಬ ವೈದ್ಯರು ಸಾಸೇಜು ತುಂಬುವ ತೆಳ್ಳನೆಯ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ರಕ್ತದ ಕಶ್ಮಲ ಆ ತೆಳುಪೊರೆಯ ಮೂಲಕ ನೀರಿಗೆ ಇಳಿಯಿತು. ಮೊದಲ ಎರಡು ವರ್ಷ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಸೋಫಿಯಾ ಶಾಫ್ಸ್ಟಾಟ್ ಎಂಬ ಹೆಂಗಸು ಕಣ್ಣು ತೆರೆದಳು. ಆದರೆ ಆ ಯಂತ್ರ ಕೆಲವು ದಿನದ ಆಪತ್ತಿಗೆ ಮಾತ್ರ ಆಗುತ್ತಿತ್ತು. ಪ್ರತಿ ಸಲ ಹೊಸ ರಕ್ತನಾಳ ಕೊಯ್ಯಬೇಕಾಗಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬವರು ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಮಾಡಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದ. ನಮ್ಮ ಕಡೆಗೂ 1960ರ ದಶಕದ ಆರಂಭದಲ್ಲೇ ಈ ವಿದ್ಯೆ ಬಂತು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ. ಕಿಡ್ನಿ ಕಾಯಿಲೆ ಎಂದರೆ ನಮ್ಮ ಸೀಮೆಯವರೂ ವೆಲ್ಲೂರಿನ ದಾರಿ ಹಿಡಿಯುತ್ತಿದ್ದ ಕಾಲವದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಆರೋಗ್ಯವಂತಳು ದಿನಕ್ಕೆ ಎರಡು ಲೀಟರು ನೀರು ಕುಡಿದರೆ ವಾರಕ್ಕೆ 14 ಲೀಟರು. ಡಯಾಲಿಸಿಸ್ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರು ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರು ಆಯಿತು. ನಮ್ಮ 15 ಲೀಟರಿನ ಕೊಡದಲ್ಲಿ ಅಳೆದರೆ ಒಂದು ಸಲಕ್ಕೆ ಎಂಟು ಕೊಡ ನೀರು! ವಾರಕ್ಕೆ ಮೂರು ಸಲವಾದರೆ ಇಪ್ಪತ್ನಾಲ್ಕು ಕೊಡ. ಈ ಎಂಟು ಕೊಡಕ್ಕೂ ರೋಗಿಯ ರಕ್ತಕ್ಕೂ ನಡುವೆ ಇರುವುದು ಒಂದು ತೆಳುಪೊರೆ ಮಾತ್ರ.

ನಾವು ಉಂಡ ಅನ್ನದಲ್ಲಿ, ಕುಡಿದ ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ನಮ್ಮ ಕರುಳು ನೂರರಲ್ಲಿ ಒಂದು ಪಾಲನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಷ್ಟಿಷ್ಟು ಒಳಗೆ ಬಂದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಹೀಗೆ ದೇವರು ನಮಗೆ ಎರಡು ಬಾಗಿಲು ಇಟ್ಟಿದ್ದಾನೆ. ಡಯಾಲಿಸಿಸ್ ರೋಗಿಗೆ ಎರಡೂ ಇಲ್ಲ. ನೀರು ಕರುಳಿನ ಕಾವಲನ್ನು ದಾಟದೆ ನೇರವಾಗಿ ರಕ್ತದ ಪಕ್ಕಕ್ಕೆ ಬರುತ್ತದೆ, ಹೊರಹಾಕುವ ಮೂತ್ರಪಿಂಡ ಆಗಲೇ ಸೋತಿರುತ್ತದೆ. ಅದರ ಮೇಲೆ ಇನ್ನೊಂದು ತೊಂದರೆ. ರಕ್ತದಲ್ಲಿ ಕಬ್ಬಿಣವನ್ನು ಹೊರುವ ಒಂದು ಪ್ರೋಟೀನು ಇದೆ. ಅಲ್ಯೂಮಿನಿಯಂ ಬಂದು ಅದನ್ನು ಅಂಟಿಕೊಂಡರೆ ತಿರುಗಿ ಪೊರೆ ದಾಟಿ ಹೋಗಲಾರದು. ಮಧುಗಿರಿ ಬಸ್ಸಿನಲ್ಲಿ ಸೀಟು ಹಿಡಿದವನಂತೆ ಕೂತೇಬಿಡುತ್ತದೆ. ಆಮೇಲೆ ಮೂಳೆಗೆ ಹೋಗುತ್ತದೆ, ಮಿದುಳಿಗೆ ಹೋಗುತ್ತದೆ.

ಇದೆಲ್ಲ ಆಗ ಯಾರಿಗೂ ತಿಳಿದಿರಲಿಲ್ಲ. ಅನೇಕ ಕಡೆ ನಲ್ಲಿಯ ನೀರನ್ನೇ ಯಂತ್ರಕ್ಕೆ ಬಿಡುತ್ತಿದ್ದರು. 1970ರ ಹೊತ್ತಿಗೆ ಅಮೆರಿಕದ ಡೆನ್ವರ್ ನಗರದಲ್ಲಿ ವಿಚಿತ್ರವಾದ ಕಾಯಿಲೆ ಕಾಣಿಸಿಕೊಂಡಿತು. ಡಯಾಲಿಸಿಸ್‌ನಲ್ಲಿ ಕೆಲವು ವರ್ಷ ಚೆನ್ನಾಗಿದ್ದ ರೋಗಿ ಇದ್ದಕ್ಕಿದ್ದಂತೆ ಮಾತು ತೊದಲುತ್ತಿದ್ದ. ಕೈಕಾಲು ಬೆಚ್ಚಿಬಿದ್ದವರಂತೆ ಅದುರುತ್ತಿದ್ದವು. ಮರೆವು ಬರುತ್ತಿತ್ತು, ಫಿಟ್ಸ್ ಬರುತ್ತಿತ್ತು. ಬಹುಮಂದಿ ತಿಂಗಳುಗಳಲ್ಲೇ ತೀರಿಕೊಳ್ಳುತ್ತಿದ್ದರು. ಆಲ್ಫ್ರಿ ಎಂಬ ವೈದ್ಯರೂ ಅವರ ಜೊತೆಯವರೂ 1972ರಲ್ಲಿ ಇದನ್ನು ವರದಿ ಮಾಡಿದರು. ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿ 1976ರಲ್ಲಿ ಉತ್ತರದ ಹತ್ತಿರ ಬಂದರು. ಈ ರೋಗದಿಂದ ಸತ್ತವರ ಮಿದುಳಿನ ಬೂದು ಭಾಗದಲ್ಲಿ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ 25 ಪಾಲು ಇತ್ತು. ಸಾಮಾನ್ಯರಲ್ಲಿ ಸುಮಾರು 2 ಪಾಲು ಮಾತ್ರ.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮೂಳೆಯ ಕಥೆ. ಅಲ್ಲಿ ಡಯಾಲಿಸಿಸ್ ರೋಗಿಗಳ ಪಕ್ಕೆಲುಬುಗಳು ಕೆಮ್ಮಿದರೆ, ಮಗ್ಗುಲು ಹೊರಳಿದರೆ ಮುರಿಯುತ್ತಿದ್ದವು. ಡಿ ಜೀವಸತ್ವ ಕೊಟ್ಟರೂ ಮೂಳೆ ಗಟ್ಟಿಯಾಗಲಿಲ್ಲ. ಆದರೆ ಲಂಡನ್ನಿನ ರೋಗಿಗಳಲ್ಲಿ ಈ ಕಾಯಿಲೆ ಅಪರೂಪ. ಯಂತ್ರ ಒಂದೇ, ಔಷಧಿ ಒಂದೇ, ಊರು ಬದಲಾದರೆ ಮೂಳೆ ಯಾಕೆ ಮುರಿಯಬೇಕು? ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಹಳ ಮಂದಿ ಮನೆಯಲ್ಲೇ ಯಂತ್ರ ಇಟ್ಟುಕೊಂಡು ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದರು. ಅದರಿಂದ ಮನೆಮನೆಯ ನಲ್ಲಿ ನೀರನ್ನು ಹೋಲಿಸಿ ನೋಡಲು ದಾರಿಯಾಯಿತು. ಶೆಫೀಲ್ಡ್‌ನ ವೈದ್ಯರು 1977ರಲ್ಲಿ, ನ್ಯೂಕಾಸಲ್‌ನವರು 1978ರಲ್ಲಿ ಮೂಳೆಯ ಕಾಯಿಲೆಗೂ ನೀರಿಗೂ ಇರುವ ನಂಟನ್ನು ಪ್ರಕಟಿಸಿದರು. ಲವಣ ತೆಗೆದ ನೀರನ್ನು ಬಳಸಿದವರಿಗೆ ಕಾಯಿಲೆ ಬರುತ್ತಿರಲಿಲ್ಲ. 1979ರಲ್ಲಿ ಬ್ರಿಟನ್ನಿನ 18 ಕೇಂದ್ರಗಳ 1293 ರೋಗಿಗಳನ್ನು ಸಮೀಕ್ಷೆ ಮಾಡಿದಾಗ, ಯಾವ ಊರಿನ ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚೋ ಅಲ್ಲಿ ಮಿದುಳಿನ ಕಾಯಿಲೆಯೂ ಮೂಳೆಯ ಕಾಯಿಲೆಯೂ ಹೆಚ್ಚೆಂದು ಗೊತ್ತಾಯಿತು. ಹಾಲೆಂಡಿನ ಒಂದು ಕಡೆಯಂತೂ ನೀರು ಕಾಯಿಸುವ ಬಾಯ್ಲರಿನೊಳಗೆ ತುಕ್ಕು ಹಿಡಿಯದಿರಲೆಂದು ಇಟ್ಟಿದ್ದ ಅಲ್ಯೂಮಿನಿಯಂ ತುಂಡುಗಳೇ ಕರಗಿ ರೋಗಿಗಳಿಗೆ ವಿಷವಾಗಿದ್ದವು.

ನೀರಿನ ಜೊತೆಗೆ ಮಾತ್ರೆಯೂ ಇತ್ತು. ಮೂತ್ರಪಿಂಡ ಸೋತಾಗ ರಕ್ತದಲ್ಲಿ ರಂಜಕ ಏರುತ್ತದೆ. ಅದನ್ನು ಕರುಳಿನಲ್ಲೇ ಹಿಡಿದು ನಿಲ್ಲಿಸಲೆಂದು ವೈದ್ಯರು ಆಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೊಡುತ್ತಿದ್ದರು. ಎದೆಯುರಿಗೆ ಕುಡಿಯುವ ಬಿಳಿ ಔಷಧಿಗಳಲ್ಲಿ ಅನೇಕದರಲ್ಲಿ ಇರುವುದೂ ಇದೇ. ಕರುಳು ಇದನ್ನು ಹೀರುವುದಿಲ್ಲವೆಂಬ ನಂಬಿಕೆಯಿತ್ತು. ವರ್ಷಗಟ್ಟಲೆ ನುಂಗಿದಾಗ ಸ್ವಲ್ಪ ಸ್ವಲ್ಪವಾಗಿ ಒಳಗೆ ಸೇರಿತು. 1980ರ ದಶಕದಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು: ನಿಂಬೆಯ ಹುಳಿಯಲ್ಲಿರುವ ಸಿಟ್ರೇಟ್ ಜೊತೆಗೆ ಸೇರಿದರೆ ಕರುಳು ಈ ಲೋಹವನ್ನು ಹಲವು ಪಟ್ಟು ಹೆಚ್ಚು ಹೀರುತ್ತದೆ. ಅಲ್ಯೂಮಿನಿಯಂ ಔಷಧಿಯನ್ನೂ ಸಿಟ್ರೇಟ್ ದ್ರಾವಣವನ್ನೂ ಒಟ್ಟಿಗೆ ತೆಗೆದುಕೊಂಡ ಮೂತ್ರಪಿಂಡ ರೋಗಿಗಳು ಪ್ರಜ್ಞೆ ತಪ್ಪಿ ಸತ್ತ ಉದಾಹರಣೆಗಳಿವೆ.

ಹಾಗಾದರೆ ಒಳಗೆ ಸೇರಿದ್ದನ್ನು ತೆಗೆಯುವುದು ಹೇಗೆ? ಇಲ್ಲಿಯೂ ಕಥೆ ಸುಲಭವಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ಮಕ್ಕಳ ಮೈಯಿಂದ ಹೆಚ್ಚಾದ ಕಬ್ಬಿಣ ತೆಗೆಯಲು ಡೆಸ್ಫೆರಿಯಾಕ್ಸಮಿನ್ ಎಂಬ ಔಷಧಿ ಇತ್ತು. ಅದು ಅಲ್ಯೂಮಿನಿಯಮ್ಮನ್ನೂ ಹಿಡಿಯುತ್ತದೆಂದು 1980ರ ಸುಮಾರಿಗೆ ತಿಳಿಯಿತು. ಕೆಲವರಿಗೆ ಮಾತು ಮರಳಿತು, ಮೂಳೆ ನೋವು ಇಳಿಯಿತು. ಆದರೆ ಕೆಲವರಲ್ಲಿ ಮೂಳೆಯಲ್ಲಿ ಮಲಗಿದ್ದ ಲೋಹ ಒಮ್ಮೆಲೇ ಎದ್ದು ರಕ್ತಕ್ಕೆ ಬಂದು, ಮಿದುಳಿಗೆ ನುಗ್ಗಿ, ಇದ್ದ ಸ್ಥಿತಿಯೂ ಕೆಟ್ಟಿತು. ಕಣ್ಣಿಗೆ, ಕಿವಿಗೆ ಪೆಟ್ಟಾದದ್ದೂ ಉಂಟು. ಎಲ್ಲಕ್ಕಿಂತ ಭಯದ್ದೆಂದರೆ ಒಂದು ಶಿಲೀಂಧ್ರ. 2021ರ ಕೊರೋನಾ ಕಾಲದಲ್ಲಿ ನಾವೆಲ್ಲ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಕೇಳಿ ನಡುಗಿದೆವಲ್ಲ, ಅದೇ ಜಾತಿಯದು. ಈ ಔಷಧಿ ರಕ್ತದ ಕಬ್ಬಿಣವನ್ನು ಹಿಡಿದು ಆ ಶಿಲೀಂಧ್ರದ ಬಾಯಿಗೆ ತುತ್ತು ಇಟ್ಟಂತೆ ಒದಗಿಸುತ್ತದೆ. ವಿಷ ತೆಗೆಯಲು ಹೋಗಿ ಡಯಾಲಿಸಿಸ್ ರೋಗಿಗಳು ಅದರಿಂದ ಸತ್ತರು. ಆದ್ದರಿಂದ ಮುಂದೆ ಬಹಳ ಕಡಿಮೆ ಪ್ರಮಾಣದಲ್ಲಿ, ರಕ್ತ ಪರೀಕ್ಷೆ ಮಾಡಿಕೊಂಡು, ನಿಜವಾಗಿಯೂ ಬೇಕಾದವರಿಗೆ ಮಾತ್ರ ಕೊಡುವ ಪದ್ಧತಿ ಬಂತು. ಕೆಸರು ತುಳಿದು ಕಾಲು ತೊಳೆಯುವ ಬದಲು ಕೆಸರನ್ನೇ ತುಳಿಯದಿರುವುದು ಮೇಲು ಎಂಬ ನಮ್ಮ ಹಿರಿಯರ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಕೆಸರು ತುಳಿಯದಿರುವ ದಾರಿಯೂ ಸಿಕ್ಕಿತು. ಡಯಾಲಿಸಿಸ್‌ಗೆ ಬಳಸುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಅಲ್ಯೂಮಿನಿಯಂ ಇರಬಾರದೆಂಬ ಮಿತಿ ಬಂತು. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಅಪೇಕ್ಷಿತ ಮಿತಿ 0.03, ಬೇರೆ ನೀರು ಸಿಗದಾಗ ಒಪ್ಪಬಹುದಾದದ್ದು 0.2. ಅಂದರೆ ನಾವು ನೀವು ನಿಶ್ಚಿಂತೆಯಾಗಿ ಕುಡಿಯಬಹುದಾದ ನೀರಿನಲ್ಲಿ, ಯಂತ್ರದ ನೀರಿನಲ್ಲಿ ಇರಬಹುದಾದದ್ದಕ್ಕಿಂತ ಇಪ್ಪತ್ತು ಪಟ್ಟು ಅಲ್ಯೂಮಿನಿಯಂ ಇರಬಹುದು! ಕುಡಿಯುವ ನೀರು ಒಳ್ಳೆಯದಾದರೆ ಸಾಕು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ತಿಳಿದ ಮೇಲೂ ಅನಾಹುತಗಳು ನಿಲ್ಲಲಿಲ್ಲ. 1993ರಲ್ಲಿ ಪೋರ್ಚುಗಲ್ಲಿನ ಎವೊರಾ ಊರಿನಲ್ಲಿ ನೀರಿನ ಅಲ್ಯೂಮಿನಿಯಮ್ಮಿನಿಂದ ಡಯಾಲಿಸಿಸ್ ರೋಗಿಗಳು ಸತ್ತರು. 1996ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ ಹೊಸ ನೀರಿನ ಪೈಪು ಹಾಕಿದರು. ಅದರ ಒಳಮೈಗೆ ಬಳಿದಿದ್ದ ಸಿಮೆಂಟಿನಿಂದ ಅಲ್ಯೂಮಿನಿಯಂ ಕರಗಿ ನೀರಿಗೆ ಬಂತು. ಆ ಕೇಂದ್ರದ ಹತ್ತು ಮಂದಿ ತೀರಿಕೊಂಡರು.  ಯಾರದೂ ದುರುದ್ದೇಶವಿರಲಿಲ್ಲ. ಪೈಪು ಬದಲಾಗಿತ್ತು, ಅಷ್ಟೆ.

ಇನ್ನು ನಮ್ಮ ಸೀಮೆಗೆ ಬರೋಣ. ಬೋರ್‌ವೆಲ್ ನೀರಿಗೆ ಸಾಮಾನ್ಯವಾಗಿ ಪಟಿಕ ಹಾಕುವುದಿಲ್ಲ. ಆದರೆ ಫ್ಲೋರೈಡ್ ತೆಗೆಯಲು ಎಪ್ಪತ್ತರ ದಶಕದಲ್ಲಿ ನಾಗಪುರದ ಸಂಶೋಧನಾ ಸಂಸ್ಥೆ ರೂಪಿಸಿದ ‘ನಲ್ಗೊಂಡ ವಿಧಾನ’ದಲ್ಲಿ ಬಳಸುವುದು ಪಟಿಕ ಮತ್ತು ಸುಣ್ಣವನ್ನೇ. ಅಳತೆ ತಪ್ಪಿದರೆ ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ ಉಳಿಯುತ್ತದೆ. ಆಮೇಲೆ ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕದೊಳಗೆ ಇರುವ ಆರ್.ಓ. ಪೊರೆಯ ಹತ್ತಿರದ ನೆಂಟನೇ ಡಯಾಲಿಸಿಸ್ ಕೋಣೆಯ ಹಿಂದೆಯೂ ಇದೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಯಂತ್ರಗಳು ಸಣ್ಣ ಊರುಗಳ ಸರ್ಕಾರಿ ಆಸ್ಪತ್ರೆಗಳಿಗೂ ಬಂದಿವೆ. ವೆಲ್ಲೂರಿಗೆ ಹೋಗಲಾರದೆ ಸಾಯುತ್ತಿದ್ದ ಬಡವರಿಗೆ ಇದು ದೊಡ್ಡ ವರ. ವರ ಬಂದ ಕಡೆ ಎಂಟೆಂಟು ಕೊಡ ಒಳ್ಳೆಯ ನೀರೂ ಬರಬೇಕು.

ಅತ್ತಿಗೆಯ ಪ್ರಶ್ನೆಯನ್ನು ನಾವು ಅಲ್ಲಿದ್ದ ಟೆಕ್ನಿಷಿಯನ್ ಹುಡುಗನಿಗೇ ಕೇಳಿದೆವು. ಅವನು ಬೇಸರಪಡದೆ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. “ಬೋರ್ ನೀರೇ ಅಮ್ಮ, ಆದ್ರೆ ಅದು ಹಂಗೇ ಒಳಗೆ ಹೋಗಲ್ಲ” ಎಂದು ಒಂದೊಂದನ್ನೇ ತೋರಿಸಿದ. ಮೊದಲು ಮರಳಿನ ತೊಟ್ಟಿ, ಆಮೇಲೆ ಕ್ಲೋರಿನ್ ಹೀರುವ ಇದ್ದಿಲು, ಗಡಸುತನ ತೆಗೆಯುವ ತೊಟ್ಟಿ, ಕೊನೆಗೆ ಆರ್.ಓ. ಪೊರೆ. ಗೋಡೆಯ ಮೇಲೆ ದಿನದಿನದ ಲೆಕ್ಕ ಬರೆದ ಹಾಳೆ ತೂಗುಹಾಕಿತ್ತು. ಅತ್ತಿಗೆ ಅದನ್ನೆಲ್ಲ ನೋಡಿ, “ನಮ್ಮ ದೇವರ ಮನೆಗಿಂತ ಮಡಿಯಾಗಿದೆಯಲ್ಲಪ್ಪ” ಎಂದರು. ಅಂದಿನಿಂದ ಪ್ರತಿ ತಿಂಗಳೂ ಆ ಹಾಳೆಯನ್ನೊಮ್ಮೆ ಕಣ್ಣಾಡಿಸಿ ಬರುವುದು ಅವರ ಅಭ್ಯಾಸವಾಯಿತು.

ನಾನು ವೈದ್ಯಳಲ್ಲ, ಔಷಧಿ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಈ ಚರಿತ್ರೆಯಿಂದ ಮನೆಯ ಹೆಂಗಸರು ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು, ಮೂತ್ರಪಿಂಡ ಚೆನ್ನಾಗಿರುವವರು ಸಿಲ್ವಾರದ ಪಾತ್ರೆ ಕಂಡು ಹೆದರಬೇಕಿಲ್ಲ. ಮುಪ್ಪಿನ ಮರೆವಿನ ಕಾಯಿಲೆ ಅಲ್ಯೂಮಿನಿಯಂ ಪಾತ್ರೆಯಿಂದ ಬರುತ್ತದೆಂಬ ಮಾತು ಸಾಬೀತಾಗಿಲ್ಲ. ಹುಣಸೆಹುಳಿ, ಮಜ್ಜಿಗೆಯಂಥವನ್ನು ಅದರಲ್ಲಿ ರಾತ್ರಿಯೆಲ್ಲ ಇಡದಿದ್ದರೆ ಸಾಕು. ಡಯಾಲಿಸಿಸ್‌ನಲ್ಲಿರುವವರ ಅಡುಗೆಗೆ ಮಾತ್ರ ಸ್ಟೀಲ್ ಪಾತ್ರೆ ಲೇಸು. ಎರಡನೆಯದು, ಅವರಿಗೆ ಎದೆಯುರಿ ಎಂದರೆ ಮೆಡಿಕಲ್ ಸ್ಟೋರಿನಿಂದ ಬಿಳಿ ಔಷಧಿಯನ್ನು ನಾವಾಗಿಯೇ ತಂದು ಕುಡಿಸಬಾರದು. ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್‌ನಲ್ಲಿಯೂ ಅಲ್ಯೂಮಿನಿಯಂ ಇದೆ. ಬೇರೆ ವೈದ್ಯರ ಬಳಿ ಹೋದಾಗ “ಇವರಿಗೆ ಡಯಾಲಿಸಿಸ್ ಆಗ್ತಿದೆ” ಎಂದು ಮೊದಲ ಮಾತಾಗಿ ಹೇಳಬೇಕು. ರಂಜಕಕ್ಕೆ ಈಗ ಕ್ಯಾಲ್ಸಿಯಂ ಮಾತ್ರೆ, ಸೆವೆಲಮರ್ ಮೊದಲಾದ ಬೇರೆ ಔಷಧಿಗಳಿವೆ. ಅವುಗಳಿಗೂ ಅವುಗಳದೇ ತೊಡಕುಗಳುಂಟು, ವೈದ್ಯರು ಹೇಳಿದ ಲೆಕ್ಕದಲ್ಲೇ ಇರಬೇಕು. ಮೂರನೆಯದು, ರೋಗಿಯ ಮಾತು ತೊದಲಿದರೆ, ಕೈ ಅದುರಿದರೆ, ಮೂಳೆ ನೊಂದರೆ, ರಕ್ತ ಏರಲು ಇಂಜೆಕ್ಷನ್ ಕೊಟ್ಟರೂ ಏರದಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗದೆ ಹೇಳಬೇಕು. ಬೇರೆ ಕಾರಣಗಳೇ ಇರಬಹುದು, ಆದರೆ ಗಮನಿಸುವವರು ಮನೆಯವರೇ.

ಕೊನೆಯದು ನಮ್ಮ ಅತ್ತಿಗೆಯ ಪ್ರಶ್ನೆ. ಯಂತ್ರಕ್ಕೆ ಬಿಡುವ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ವರ್ಷಕ್ಕೊಮ್ಮೆಯಾದರೂ ಲೋಹಗಳ ಪರೀಕ್ಷೆ ಆಗಬೇಕು, ಆ ವರದಿ ಕೇಂದ್ರದಲ್ಲಿ ಇರಬೇಕು. ಊರಿನ ಪೈಪು ಬದಲಾದಾಗ, ಟ್ಯಾಂಕರ್ ನೀರು ತರಿಸಿದಾಗ, ಹೊಸ ಬೋರ್ ಕೊರೆಸಿದಾಗ ಮತ್ತೆ ಪರೀಕ್ಷೆ ಆಗಬೇಕು. “ಕೊನೇ ಸಲ ನೀರಿನ ಪರೀಕ್ಷೆ ಯಾವಾಗ ಮಾಡಿಸಿದ್ರಿ, ಅಲ್ಯೂಮಿನಿಯಂ ಎಷ್ಟು ಬಂದಿತ್ತು?” ಎಂದು ಕೇಳುವುದರಲ್ಲಿ ಅವಿನಯವೇನಿಲ್ಲ. ಡೆನ್ವರ್, ನ್ಯೂಕಾಸಲ್‌ಗಳಲ್ಲಿ ಈ ಪ್ರಶ್ನೆ ಕೇಳುವ ಹೊತ್ತಿಗೆ ತಡವಾಗಿತ್ತು. ನಮ್ಮಲ್ಲಿ ಆ ಬೆಂಚಿನ ಮೇಲೆ ನಾಲ್ಕು ಗಂಟೆ ಕಾಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಕೇಳಲು ಬೇಕಾದಷ್ಟು ಸಮಯವಿದೆ.